ಸಿದ್ಧಾಂತದ ಆಚೆಗೆ: ಜೆ.ಬಿ.ಎಸ್. ಹಾಲ್ಡೇನ್ ಬದುಕಿನಿಂದ ಒಂದು ಪಾಠ

ಹದಿನೆಂಟು ಇಪ್ಪತ್ತರ ವಯಸ್ಸು ವಿಚಿತ್ರವಾದದ್ದು. ಜಗತ್ತು ಹೀಗೇಕಿದೆ, ಇದನ್ನು ಬದಲಾಯಿಸಲು ಸಾಧ್ಯವಿಲ್ಲವೇ, ನಾನು ಬದುಕುವುದು ಯಾತಕ್ಕಾಗಿ ಎಂಬ ಪ್ರಶ್ನೆಗಳು ಒಟ್ಟೊಟ್ಟಿಗೆ ಮುತ್ತಿಕೊಳ್ಳುವ ಕಾಲ ಅದು. ಉತ್ತರ ಕೊಡುವವರಿಗೂ ಆಗ ಕೊರತೆಯಿರುವುದಿಲ್ಲ. ಒಬ್ಬರು ಒಂದು ಪಕ್ಷದ ಬಾವುಟ ತೋರಿಸುತ್ತಾರೆ, ಇನ್ನೊಬ್ಬರು ಒಂದು ಮತದ ಗ್ರಂಥ ತೋರಿಸುತ್ತಾರೆ, ಮತ್ತೊಬ್ಬರು ಒಬ್ಬ ಗುರುವಿನ ಕಡೆ ಕೈ ಮಾಡುತ್ತಾರೆ. ಯಾವುದಾದರೂ ಒಂದನ್ನು ಒಪ್ಪಿಕೊಂಡರೆ ಮನಸ್ಸಿಗೆ ನೆಮ್ಮದಿ. ಎಲ್ಲ ಪ್ರಶ್ನೆಗಳಿಗೂ ಸಿದ್ಧ ಉತ್ತರ ದೊರೆಯುತ್ತದೆ, ಜೊತೆಗೆ ಗೆಳೆಯರ ಬಳಗವೂ ಸಿಗುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ತೊಡಕು ಬರುವುದು ಮುಂದೆ, ಒಪ್ಪಿಕೊಂಡ ಸಿದ್ಧಾಂತ ಒಂದು ಮಾತು ಹೇಳಿ ಕಣ್ಣೆದುರಿನ ಸತ್ಯ ಇನ್ನೊಂದು ಮಾತು ಹೇಳಿದಾಗ. ಆಗ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು? ಸಿದ್ಧಾಂತವನ್ನು ಬಿಟ್ಟರೆ ಬದುಕಿಗೆ ಅರ್ಥವೇ ಇಲ್ಲದಂತಾಗುತ್ತದೆಯೇ? ಈ ಪ್ರಶ್ನೆಯನ್ನು ತತ್ತ್ವಶಾಸ್ತ್ರದ ಮಾತುಗಳಲ್ಲಿ ಚರ್ಚಿಸುವುದಕ್ಕಿಂತ, ಅದನ್ನು ಎದುರಿಸಿದ ಒಬ್ಬ ಮನುಷ್ಯನ ಚರಿತ್ರೆಯಲ್ಲಿ ನೋಡುವುದು ಒಳ್ಳೆಯದು. ಇಪ್ಪತ್ತನೆಯ ಶತಮಾನದ ಬಹುದೊಡ್ಡ ಜೀವವಿಜ್ಞಾನಿಗಳಲ್ಲಿ ಒಬ್ಬರಾದ ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನ್ ಅಂಥವರು. ಅವರು ಹುಟ್ಟಿದ್ದು 1892ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ಕಣ್ಣು ಮುಚ್ಚಿದ್ದು 1964ರಲ್ಲಿ, ನಮ್ಮ ದೇಶದ ಭುವನೇಶ್ವರದಲ್ಲಿ.

ತಂದೆಯಿಂದ ಕಲಿತದ್ದು

ಹಾಲ್ಡೇನರ ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಬಗ್ಗೆ ಸಂಶೋಧನೆ ಮಾಡಿದ ಪ್ರಸಿದ್ಧ ಶರೀರವಿಜ್ಞಾನಿ. ಕಲ್ಲಿದ್ದಲು ಗಣಿಗಳಲ್ಲಿ ಸ್ಫೋಟವಾದಾಗ ಕಾರ್ಮಿಕರು ಸಾಯುವುದು ಬಹುಮಟ್ಟಿಗೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದಿಂದ ಎಂದು ತೋರಿಸಿದವರು ಅವರು. ಈ ಅನಿಲವನ್ನು ಪತ್ತೆಹಚ್ಚಲು ಗಣಿಯೊಳಕ್ಕೆ ಪುಟ್ಟ ಹಕ್ಕಿಗಳನ್ನು ಕೊಂಡೊಯ್ಯುವ ಪದ್ಧತಿ ಬೆಳೆದದ್ದು ಅವರ ಸಲಹೆಯಿಂದಲೇ. ಅವರು ತಮ್ಮ ಪ್ರಯೋಗಗಳನ್ನು ಮೊದಲು ತಮ್ಮ ಮೇಲೆಯೇ ಮಾಡಿಕೊಳ್ಳುತ್ತಿದ್ದರು. ಮಗನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು.

ಒಮ್ಮೆ ಗಣಿಯ ಒಳಗೆ, ಮೀಥೇನ್ ಅನಿಲ ತುಂಬಿದ್ದ ಒಂದು ಜಾಗದಲ್ಲಿ, ಬಾಲಕನನ್ನು ನಿಲ್ಲಿಸಿ ಷೇಕ್ಸ್‌ಪಿಯರನ ನಾಟಕದ ಒಂದು ಭಾಷಣವನ್ನು ಒಪ್ಪಿಸಲು ಹೇಳಿದರಂತೆ. ಹುಡುಗ ಕೆಲವು ಸಾಲುಗಳನ್ನು ಹೇಳುವಷ್ಟರಲ್ಲಿ ಏದುಸಿರು ಬಿಟ್ಟು ಕುಸಿದುಬಿದ್ದ. ನೆಲದ ಮಟ್ಟದಲ್ಲಿ ಗಾಳಿ ಚೆನ್ನಾಗಿತ್ತು, ಉಸಿರಾಡಿ ಚೇತರಿಸಿಕೊಂಡ. ಮೀಥೇನ್ ಗಾಳಿಗಿಂತ ಹಗುರ, ಅದು ಮೇಲೆ ನಿಲ್ಲುತ್ತದೆ ಎಂಬ ಪಾಠವನ್ನು ಆತ ಮುಂದೆಂದೂ ಮರೆಯಲಿಲ್ಲ. ಯಾರೋ ಹೇಳಿದರೆಂದು ನಂಬಬೇಡ, ಪರೀಕ್ಷಿಸಿ ನೋಡು. ಅಪಾಯವಿದ್ದರೆ ಆ ಅಪಾಯಕ್ಕೆ ಮೊದಲು ನಿನ್ನನ್ನು ಒಡ್ಡಿಕೋ. ಇದು ಆ ಮನೆತನದ ನಡವಳಿಕೆಯಾಗಿತ್ತು.

ಹಾಲ್ಡೇನ್ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ಪ್ರಾಚೀನ ಗ್ರೀಕ್, ಲ್ಯಾಟಿನ್ ಸಾಹಿತ್ಯ. ವಿಜ್ಞಾನದಲ್ಲಿ ಅವರಿಗೆ ಪದವಿಯೇ ಇರಲಿಲ್ಲ ಎಂದರೆ ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಹೋರಾಡಿ ಎರಡು ಬಾರಿ ಗಾಯಗೊಂಡರು. ಮೆಸಪೊಟೇಮಿಯಾದಲ್ಲಿ ಗಾಯಗೊಂಡ ಮೇಲೆ ಚೇತರಿಸಿಕೊಳ್ಳಲು ಅವರನ್ನು ಕಳುಹಿಸಿದ್ದು ಭಾರತಕ್ಕೆ. ಈ ದೇಶದೊಡನೆ ಅವರ ನಂಟು ಹೀಗೆ ಮೊದಲಾಯಿತು.

ಯುದ್ಧದ ನಂತರ ಅವರು ಮಾಡಿದ ಕೆಲಸ ವಿಜ್ಞಾನದ ಚರಿತ್ರೆಯಲ್ಲಿ ಸ್ಥಿರವಾಗಿ ನಿಂತಿದೆ. ಕಿಣ್ವಗಳ ವೇಗದ ಬಗ್ಗೆ 1925ರಲ್ಲಿ ಬ್ರಿಗ್ಸ್ ಅವರೊಡನೆ ರೂಪಿಸಿದ ವಿವರಣೆಯನ್ನು ಜೀವರಸಾಯನ ವಿಜ್ಞಾನದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಡಾರ್ವಿನ್ನನ ನಿಸರ್ಗದ ಆಯ್ಕೆಯನ್ನೂ ಮೆಂಡೆಲನ ಆನುವಂಶಿಕ ನಿಯಮಗಳನ್ನೂ ಗಣಿತದ ಮೂಲಕ ಬೆಸೆದವರು ಮೂವರು: ಫಿಷರ್, ಸೀವಾಲ್ ರೈಟ್ ಮತ್ತು ಹಾಲ್ಡೇನ್. ಹೊಗೆ ಕವಿದ ಕೈಗಾರಿಕಾ ಊರುಗಳಲ್ಲಿ ಬಿಳಿ ಪತಂಗಗಳು ಕಡಿಮೆಯಾಗಿ ಕಪ್ಪು ಪತಂಗಗಳು ಹೆಚ್ಚಿದ್ದನ್ನು ತೆಗೆದುಕೊಂಡು, ಆಯ್ಕೆಯ ಒತ್ತಡ ಎಷ್ಟು ಪ್ರಬಲವಾಗಿರಬೇಕೆಂದು ಅವರು 1924ರಲ್ಲೇ ಲೆಕ್ಕ ಹಾಕಿದ್ದರು.

ಪಕ್ಷದ ಕಡೆಗೆ

ಇಂಥ ಪರೀಕ್ಷಕ ಬುದ್ಧಿಯ ಮನುಷ್ಯ ಕಮ್ಯುನಿಸ್ಟ್ ಪಕ್ಷದ ಕಡೆಗೆ ಹೇಗೆ ಹೋದರು? ಆ ಕಾಲವನ್ನು ನೆನೆದರೆ ಅದು ಅಸಹಜವೆನಿಸುವುದಿಲ್ಲ. 1929ರ ಆರ್ಥಿಕ ಕುಸಿತದ ನಂತರ ಬ್ರಿಟನ್ನಿನಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡಿದ್ದರು. 1933ರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯೆಹೂದಿ ವಿಜ್ಞಾನಿಗಳು ದೇಶ ಬಿಟ್ಟು ಓಡಿಬಂದರು. ಜನಾಂಗದ ಶ್ರೇಷ್ಠತೆ ಎಂಬ ಸುಳ್ಳಿಗೆ ಅಲ್ಲಿ ತಳಿವಿಜ್ಞಾನದ ಹೆಸರನ್ನೇ ಬಳಸಿಕೊಳ್ಳಲಾಗುತ್ತಿತ್ತು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಆರಂಭವಾಯಿತು. ಬ್ರಿಟನ್ನಿನ ಸರ್ಕಾರ ಕೈಕಟ್ಟಿ ಕುಳಿತಿದ್ದಾಗ ಫ್ಯಾಸಿಸ್ಟರ ವಿರುದ್ಧ ಹೋರಾಡಲು ಹೋದವರಲ್ಲಿ ಕಮ್ಯುನಿಸ್ಟರು ಮುಂದಿದ್ದರು. ಹಾಲ್ಡೇನ್ ಸ್ಪೇನಿಗೆ ಹೋಗಿ, ವಿಮಾನದಾಳಿಯಿಂದ ಜನಸಾಮಾನ್ಯರನ್ನು ರಕ್ಷಿಸುವುದು ಹೇಗೆಂದು ಅಧ್ಯಯನ ಮಾಡಿದರು. ಬ್ರಿಟನ್ನಿನ ಬಡವರ ಬೀದಿಗಳಿಗೂ ಸುರಕ್ಷಿತ ಆಶ್ರಯತಾಣಗಳು ಬೇಕೆಂದು ವಾದಿಸಿದರು.

1939ರ ಜೂನ್ 1ರಂದು ಥೀಟಿಸ್ ಎಂಬ ಜಲಾಂತರ್ಗಾಮಿ ಲಿವರ್‌ಪೂಲ್ ಕೊಲ್ಲಿಯಲ್ಲಿ ಮುಳುಗಿ 99 ಜನ ಸತ್ತರು. ಸತ್ತವರಲ್ಲಿ ಹಡಗುಕಟ್ಟೆಯ ಕೆಲಸಗಾರರೂ ಇದ್ದರು. ಕಾರ್ಮಿಕ ಸಂಘಗಳು ಹಾಲ್ಡೇನರ ನೆರವು ಕೇಳಿದವು. ಅವರು ಸ್ಪೇನಿನಲ್ಲಿ ಹೋರಾಡಿ ಬಂದಿದ್ದ ಕೆಲವು ಸ್ವಯಂಸೇವಕರೊಡನೆ ಉಕ್ಕಿನ ಕೋಣೆಯೊಳಗೆ ಕುಳಿತು ಬಾಗಿಲು ಮುಚ್ಚಿಸಿಕೊಂಡರು. ಇಂಗಾಲದ ಡೈಆಕ್ಸೈಡ್ ಏರಿದಂತೆ ಮನುಷ್ಯನಿಗೆ ಏನಾಗುತ್ತದೆಂದು ತಮ್ಮ ದೇಹದ ಮೇಲೆಯೇ ಪರೀಕ್ಷಿಸಿದರು. ಯುದ್ಧಕಾಲದಲ್ಲಿ ನೌಕಾದಳಕ್ಕಾಗಿ ನಡೆಸಿದ ಇಂಥ ಪ್ರಯೋಗಗಳಲ್ಲಿ ಒಮ್ಮೆ ಸೆಳವು ಬಂದು ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಆ ನೋವು ಕೊನೆಯವರೆಗೂ ಉಳಿಯಿತು.

1942ರಲ್ಲಿ ಅವರು ಕಮ್ಯುನಿಸ್ಟ್ ಪಕ್ಷದ ಸದಸ್ಯರಾದರು. ಪಕ್ಷದ ಪತ್ರಿಕೆಯಾದ 'ಡೈಲಿ ವರ್ಕರ್'ನಲ್ಲಿ ಅದಕ್ಕೆ ಮೊದಲಿನಿಂದಲೂ ಕಾರ್ಮಿಕರಿಗಾಗಿ ವಿಜ್ಞಾನ ಲೇಖನಗಳನ್ನು ಬರೆಯುತ್ತಿದ್ದರು. ಬಡವರ ಮೇಲಿನ ಕಾಳಜಿ, ಫ್ಯಾಸಿಸಂ ಮೇಲಿನ ರೋಷ, ವಿಜ್ಞಾನ ಎಲ್ಲರಿಗೂ ಸಲ್ಲಬೇಕೆಂಬ ಆಸೆ, ಇವೆಲ್ಲವೂ ಅವರಲ್ಲಿ ಪ್ರಾಮಾಣಿಕವಾಗಿದ್ದವು. ಇದನ್ನು ನಾವು ಮರೆಯಬಾರದು. ಜನ ಸಿದ್ಧಾಂತಗಳಿಗೆ ಒಲಿಯುವುದು ಸಾಮಾನ್ಯವಾಗಿ ತಮ್ಮೊಳಗಿನ ಒಳ್ಳೆಯತನದಿಂದಲೇ.

ವವಿಲೋವ್ ಮತ್ತು ಲೈಸೆಂಕೊ

ಈಗ ಸೋವಿಯತ್ ದೇಶದ ಕಡೆಗೆ ತಿರುಗೋಣ. ನಿಕೊಲಾಯ್ ವವಿಲೋವ್ ಆ ದೇಶದ ಮಹಾನ್ ಸಸ್ಯವಿಜ್ಞಾನಿ. ಗೋಧಿ, ಭತ್ತ, ಜೋಳ, ಆಲೂಗಡ್ಡೆ ಮೊದಲಾದ ಬೆಳೆಗಳು ಮೊದಲು ಎಲ್ಲಿ ಹುಟ್ಟಿದವೆಂದು ತಿಳಿಯಲು ಅವರು ಐದು ಖಂಡಗಳಲ್ಲಿ ಅಲೆದರು. ಲೆನಿನ್‌ಗ್ರಾಡ್‌ನ ಅವರ ಸಂಸ್ಥೆಯಲ್ಲಿ ಎರಡು ಲಕ್ಷಕ್ಕೂ ಮೀರಿ ಬೀಜದ ಮಾದರಿಗಳು ಸೇರಿದವು. ಅವರ ಆಹ್ವಾನದ ಮೇಲೆ 1928ರಲ್ಲಿ ಹಾಲ್ಡೇನ್ ಆ ದೇಶಕ್ಕೆ ಭೇಟಿ ಕೊಟ್ಟಿದ್ದರು. ಇಬ್ಬರೂ ಸ್ನೇಹಿತರು.

ಅದೇ ದೇಶದಲ್ಲಿ ಟ್ರೊಫಿಮ್ ಲೈಸೆಂಕೊ ಎಂಬ ಕೃಷಿ ತಜ್ಞ ಮೇಲೇರುತ್ತಿದ್ದ. ಬೀಜಗಳನ್ನು ತಂಪಿನಲ್ಲಿ ಇಟ್ಟು ಬಿತ್ತಿದರೆ ಅವುಗಳ ಸ್ವಭಾವವನ್ನೇ ಬದಲಾಯಿಸಬಹುದು, ಹಾಗೆ ಗಳಿಸಿದ ಗುಣ ಮುಂದಿನ ಪೀಳಿಗೆಗೂ ಹರಿಯುತ್ತದೆ ಎಂಬುದು ಅವನ ವಾದ. ಮೆಂಡೆಲನ ನಿಯಮಗಳನ್ನೂ ವಂಶವಾಹಿಯ ಕಲ್ಪನೆಯನ್ನೂ ಅವನು ಒಪ್ಪುತ್ತಿರಲಿಲ್ಲ. ಅವನ ಪ್ರಯೋಗಗಳಲ್ಲಿ ಸರಿಯಾದ ಹೋಲಿಕೆಯಾಗಲಿ ಲೆಕ್ಕವಾಗಲಿ ಇರಲಿಲ್ಲ. ಆದರೆ ಅವನು ರೈತನ ಮಗ, ಬೇಗನೆ ಹೆಚ್ಚು ಬೆಳೆ ಕೊಡುತ್ತೇನೆಂದು ಮಾತು ಕೊಟ್ಟವನು. ಪರಿಸರವನ್ನು ಬದಲಿಸಿದರೆ ಜೀವಿಯೇ ಬದಲಾಗುತ್ತದೆ ಎಂಬ ಮಾತು ಅಧಿಕಾರದಲ್ಲಿದ್ದವರ ಕಿವಿಗೂ ಇಂಪಾಗಿತ್ತು. ಸ್ಟಾಲಿನ್ನನ ಬೆಂಬಲ ಅವನಿಗೆ ದೊರೆಯಿತು. ಅವನ ಮಾತನ್ನು ಒಪ್ಪದ ವಿಜ್ಞಾನಿಗಳಿಗೆ ಜನವಿರೋಧಿಗಳೆಂಬ ಹಣೆಪಟ್ಟಿ ಬಿತ್ತು.

1940ರ ಆಗಸ್ಟ್‌ನಲ್ಲಿ ವವಿಲೋವ್ ಬಂಧನಕ್ಕೊಳಗಾದರು. ಮರಣದಂಡನೆ ವಿಧಿಸಿ ಆಮೇಲೆ ಇಪ್ಪತ್ತು ವರ್ಷಗಳ ಸೆರೆವಾಸಕ್ಕೆ ಇಳಿಸಲಾಯಿತು. ಜಗತ್ತಿನ ಹಸಿವನ್ನು ನೀಗಿಸಬೇಕೆಂದು ಬೀಜ ಕೂಡಿಟ್ಟ ಆ ಮನುಷ್ಯ 1943ರ ಜನವರಿಯಲ್ಲಿ ಸರಾಟೊವ್ ಸೆರೆಮನೆಯಲ್ಲಿ ಅನ್ನವಿಲ್ಲದೆ ಸೊರಗಿ ಸತ್ತರು. ಆ ಹೊತ್ತಿನಲ್ಲೇ ಜರ್ಮನ್ ಸೈನ್ಯ ಲೆನಿನ್‌ಗ್ರಾಡ್ ನಗರವನ್ನು ಮುತ್ತಿತ್ತು. ಹಸಿವಿನಿಂದ ಸಾಯುತ್ತಿದ್ದರೂ ವವಿಲೋವರ ಸಹೋದ್ಯೋಗಿಗಳು ಸಂಸ್ಥೆಯಲ್ಲಿದ್ದ ಬೀಜಗಳನ್ನು ಮುಟ್ಟಲಿಲ್ಲ. ಭತ್ತದ ಸಂಗ್ರಹ ನೋಡಿಕೊಳ್ಳುತ್ತಿದ್ದ ಇವಾನೊವ್ ತಮ್ಮ ಸುತ್ತ ಅಕ್ಕಿಯ ಚೀಲಗಳಿರುವಾಗಲೇ ಹಸಿವಿನಿಂದ ಪ್ರಾಣಬಿಟ್ಟರು. ಯಾವ ಪಕ್ಷದ ಆಜ್ಞೆಯೂ ಅವರಿಂದ ಇದನ್ನು ಮಾಡಿಸಲಿಲ್ಲ. ಆ ಬೀಜಗಳು ಮುಂದೆ ಹುಟ್ಟುವವರ ಅನ್ನ ಎಂಬ ತಿಳಿವಳಿಕೆ ಮಾಡಿಸಿತು.

1948ರ ಪರೀಕ್ಷೆ

1948ರ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಕೃಷಿ ವಿಜ್ಞಾನ ಅಕಾಡೆಮಿಯ ಅಧಿವೇಶನ ನಡೆಯಿತು. ತನ್ನ ವರದಿಯನ್ನು ಪಕ್ಷದ ಕೇಂದ್ರ ಸಮಿತಿ ನೋಡಿ ಒಪ್ಪಿದೆಯೆಂದು ಲೈಸೆಂಕೊ ಅಲ್ಲಿ ಪ್ರಕಟಿಸಿದ. ಅಲ್ಲಿಗೆ ಚರ್ಚೆ ಮುಗಿಯಿತು. ಒಂದು ವೈಜ್ಞಾನಿಕ ಪ್ರಶ್ನೆಯನ್ನು ರಾಜಕೀಯ ಸಮಿತಿ ತೀರ್ಮಾನಿಸಿತ್ತು. ತಳಿವಿಜ್ಞಾನದ ಪ್ರಯೋಗಾಲಯಗಳು ಮುಚ್ಚಿದವು, ಪಠ್ಯಪುಸ್ತಕಗಳು ಬದಲಾದವು, ಅನೇಕ ವಿಜ್ಞಾನಿಗಳು ಕೆಲಸ ಕಳೆದುಕೊಂಡರು.

ಜಗತ್ತಿನ ತಳಿವಿಜ್ಞಾನಿಗಳೆಲ್ಲ ಈಗ ಹಾಲ್ಡೇನರ ಕಡೆ ನೋಡಿದರು. ಲೈಸೆಂಕೊ ತಳ್ಳಿಹಾಕಿದ ವಿಜ್ಞಾನವನ್ನು ಕಟ್ಟಿದವರಲ್ಲಿ ಅವರೇ ಒಬ್ಬರು, ಅವನನ್ನು ಬೆಂಬಲಿಸಿದ ಪಕ್ಷದ ಸದಸ್ಯರೂ ಅವರೇ. ಆ ವರ್ಷದ ನವೆಂಬರ್‌ನಲ್ಲಿ ಬಿ.ಬಿ.ಸಿ. ಬಾನುಲಿ ಈ ವಿಷಯದ ಮೇಲೆ ನಾಲ್ವರು ವಿಜ್ಞಾನಿಗಳಿಂದ ಮಾತನಾಡಿಸಿತು. ಫಿಷರ್, ಡಾರ್ಲಿಂಗ್ಟನ್ ಮತ್ತು ಹಾರ್ಲೆಂಡ್ ಲೈಸೆಂಕೊವನ್ನು ನೇರವಾಗಿ ಖಂಡಿಸಿದರು. ಹಾಲ್ಡೇನ್ ಹಾಗೆ ಮಾಡಲಿಲ್ಲ. ಅವನ ಕೆಲವು ಮಾತು ಸರಿಯಿರಬಹುದು, ಪೂರ್ಣ ವಿವರ ಬರಲಿ ಎಂಬ ಧಾಟಿಯಲ್ಲಿ ಅತ್ತಲೂ ಇತ್ತಲೂ ವಾಲದೆ ಮಾತನಾಡಿದರು. ಗೆಳೆಯ ವವಿಲೋವರಿಗಾಗಿ ಎತ್ತಬೇಕಾಗಿದ್ದ ದನಿ ಅವರಿಂದ ಹೊರಡಲಿಲ್ಲ.

ಅಮೆರಿಕದ ಹರ್ಮನ್ ಮಲ್ಲರ್ ಅವರನ್ನು ಇಲ್ಲಿ ಹೋಲಿಸಿ ನೋಡಬಹುದು. ಅವರೂ ಸಮಾಜವಾದದಲ್ಲಿ ನಂಬಿಕೆಯಿಟ್ಟು 1933ರಲ್ಲಿ ವವಿಲೋವರ ಕರೆಗೆ ಓಗೊಟ್ಟು ಸೋವಿಯತ್ ದೇಶಕ್ಕೆ ಹೋಗಿದ್ದವರು. 1936ರಲ್ಲೇ ಮಾಸ್ಕೋದಲ್ಲಿ ನಿಂತು ಲೈಸೆಂಕೊವನ್ನು ಬಹಿರಂಗವಾಗಿ ವಿರೋಧಿಸಿದರು, ಮರುವರ್ಷ ಆ ದೇಶವನ್ನು ಬಿಟ್ಟರು. 1948ರ ಘಟನೆಯ ನಂತರ ಸೋವಿಯತ್ ಅಕಾಡೆಮಿಯ ಸದಸ್ಯತ್ವವನ್ನೂ ತ್ಯಜಿಸಿದರು. ಅವರಿಗೆ ಸಾಧ್ಯವಾದದ್ದು ಹಾಲ್ಡೇನರಿಗೆ ಏಕೆ ಸಾಧ್ಯವಾಗಲಿಲ್ಲ?

ಮಲ್ಲರ್ ಅಲ್ಲಿದ್ದು ಕಣ್ಣಾರೆ ಕಂಡಿದ್ದರು, ಹಾಲ್ಡೇನ್ ದೂರದಿಂದ ಪತ್ರಿಕೆಗಳಲ್ಲಿ ಓದುತ್ತಿದ್ದರು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಮಗೆಲ್ಲ ಅನ್ವಯಿಸುವಂಥದು. ನಾವು ನಂಬಿದ ಪಕ್ಷವನ್ನು ಶತ್ರುಗಳು ಬೈಯುತ್ತಿರುವಾಗ ನಾವೂ ದನಿಗೂಡಿಸಿದರೆ ದ್ರೋಹವಾಗುತ್ತದೆಂಬ ಭಾವನೆ ಬರುತ್ತದೆ. ಸತ್ಯವನ್ನು ಹೇಳಿದರೆ ವಿರೋಧಿಗಳಿಗೆ ಲಾಭವಾಗುತ್ತದಲ್ಲ ಎಂಬ ಅಳುಕು ಕಾಡುತ್ತದೆ. ಉಸಿರುಗಟ್ಟಿಸುವ ಕೋಣೆಯಲ್ಲಿ ಕುಳಿತು ತನ್ನ ರಕ್ತವನ್ನೇ ಪರೀಕ್ಷೆಗೆ ಒಡ್ಡಿದ ಮನುಷ್ಯ, ತನ್ನ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಲು ಹಿಂಜರಿದ. ಧೈರ್ಯದಲ್ಲೂ ಬೇರೆ ಬೇರೆ ಬಗೆಗಳಿವೆ ಎಂದು ಇದರಿಂದ ತಿಳಿಯುತ್ತದೆ.

ಆದರೆ ಹಾಲ್ಡೇನ್ ವಂಶವಾಹಿಯನ್ನು ಬಿಟ್ಟುಕೊಡಲಿಲ್ಲ. ಮಾತಿನಲ್ಲಿ ಅಳುಕಿದರೂ ತಮ್ಮ ಸಂಶೋಧನೆಯಲ್ಲಿ ಅಳುಕಲಿಲ್ಲ. 1949ರಲ್ಲಿ ಅವರು ಒಂದು ಮಹತ್ವದ ಊಹೆಯನ್ನು ಮುಂದಿಟ್ಟರು. ತಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಗುವಿಗೆ ಮಾರಕ. ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದಿಂದ ರಕ್ಷಣೆ ಕೊಡಬಹುದು. ಮಲೇರಿಯಾ ಇರುವ ನಾಡುಗಳಲ್ಲಿ ಅದು ಉಳಿದುಬಂದಿರುವುದು ಅದಕ್ಕೇ ಇರಬೇಕು ಎಂದರು. 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ಕುಡಗೋಲು ಕಣ ರಕ್ತಹೀನತೆಯ ವಿಷಯದಲ್ಲಿ ಇದೇ ಬಗೆಯ ರಕ್ಷಣೆಯನ್ನು ತೋರಿಸಿದರು. ನಮ್ಮ ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಬುಡಕಟ್ಟು ಜನರಲ್ಲಿ ಈ ಕುಡಗೋಲು ಕಣ ಕಾಯಿಲೆ ಏಕೆ ಕಾಣುತ್ತದೆಂಬ ಪ್ರಶ್ನೆಗೂ ಉತ್ತರದ ಎಳೆ ಇಲ್ಲಿಯೇ ಇದೆ.

1950ರ ಹೊತ್ತಿಗೆ ಹಾಲ್ಡೇನ್ ಪಕ್ಷದಿಂದ ದೂರ ಸರಿದಿದ್ದರು. ಸದ್ದು ಮಾಡಲಿಲ್ಲ, ನಿನ್ನೆಯ ಗೆಳೆಯರನ್ನು ಬೈದು ಪುಸ್ತಕವನ್ನೂ ಬರೆಯಲಿಲ್ಲ.

ಪಾರಿಜಾತದ ಎಸಳುಗಳು

ಪಕ್ಷ ಹೋಯಿತು. ಇನ್ನು ಬದುಕಿಗೆ ಉಳಿದದ್ದೇನು? ಅರವತ್ತೈದರ ಅಂಚಿನಲ್ಲಿದ್ದ ಹಾಲ್ಡೇನ್ ಇದಕ್ಕೆ ಕಂಡುಕೊಂಡ ಉತ್ತರವೇ ಈ ಚರಿತ್ರೆಯ ಅತ್ಯಂತ ಸುಂದರವಾದ ಭಾಗ. 1957ರಲ್ಲಿ ಅವರೂ ಅವರ ಪತ್ನಿ, ಜೀವವಿಜ್ಞಾನಿ ಹೆಲೆನ್ ಸ್ಪರ್ವೆಯವರೂ ಲಂಡನ್ನಿನ ವಿಶ್ವವಿದ್ಯಾಲಯವನ್ನು ಬಿಟ್ಟು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ಹಿಂದಿನ ವರ್ಷ ಬ್ರಿಟನ್ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ನಡೆಸಿದ ದಾಳಿಯನ್ನು ಅವರು ಒಂದು ಕಾರಣವಾಗಿ ಹೇಳಿದರು. ಇಲ್ಲಿ ಪಂಚೆ ಜುಬ್ಬ ತೊಟ್ಟರು, ಸಸ್ಯಾಹಾರಿಯಾದರು, ಆಮೇಲೆ ಭಾರತದ ಪೌರತ್ವವನ್ನೂ ಪಡೆದರು.

ಆಗಿನ ಭಾರತದಲ್ಲಿ ದುಬಾರಿ ಉಪಕರಣಗಳಿರಲಿಲ್ಲ. ಅನೇಕ ತರುಣರು ಉಪಕರಣವಿಲ್ಲದೆ ವಿಜ್ಞಾನವಿಲ್ಲ ಎಂದು ಕೈಚೆಲ್ಲಿ ಕುಳಿತಿದ್ದರು. ಹಾಲ್ಡೇನ್ ಅವರಿಗೆ ಕಣ್ಣು ಬಿಟ್ಟು ನೋಡಿ, ಎಣಿಸಿ, ಬರೆದಿಡಿ ಎಂದು ಕಲಿಸಿದರು. ಎಸ್.ಕೆ. ರಾಯ್ ಪಾರಿಜಾತದ ಹೂಗಳ ಎಸಳನ್ನು ಎಣಿಸತೊಡಗಿದರು. ಒಂದೇ ಗಿಡದಲ್ಲಿ ಐದು, ಆರು, ಏಳು ಎಸಳಿನ ಹೂಗಳು ಏಕಿವೆ? ಋತು ಕಳೆದಂತೆ ಈ ಸಂಖ್ಯೆ ಬದಲಾಗುತ್ತದೆಯೇ? ಬೇರೆ ಬೇರೆ ತಳಿಯ ಭತ್ತವನ್ನು ಒಂದೇ ಗದ್ದೆಯಲ್ಲಿ ಬೆರೆಸಿ ಬೆಳೆದರೆ ಏನಾಗುತ್ತದೆಂದೂ ಅವರು ಪರೀಕ್ಷಿಸಿದರು. ಸುರೇಶ್ ಜಯಕರ್ ಟಿಟ್ಟಿಭ ಹಕ್ಕಿಯ ಗೂಡನ್ನು ಕಾದು ಕುಳಿತು ಅದು ಮೊಟ್ಟೆಗೆ ಕಾವು ಕೊಡುವ ಬಗೆಯನ್ನು ದಾಖಲಿಸಿದರು. ಟಿ.ಎ. ಡೇವಿಸ್ ತೆಂಗಿನ ಮರಗಳನ್ನು ನೋಡುತ್ತಾ ನಡೆದರು. ಕೆಲವು ಮರಗಳಲ್ಲಿ ಗರಿಗಳು ಎಡಕ್ಕೆ ಸುತ್ತುತ್ತಾ ಮೇಲೇರುತ್ತವೆ, ಕೆಲವುಗಳಲ್ಲಿ ಬಲಕ್ಕೆ. ಇದಕ್ಕೂ ಇಳುವರಿಗೂ ಸಂಬಂಧವಿದೆಯೇ ಎಂದು ಕಾಯಿಗಳನ್ನು ಎಣಿಸಿದರು. ದ್ರೋಣಂರಾಜು ಕೃಷ್ಣರಾವ್ ಆಂಧ್ರದಲ್ಲಿ ಸೋದರಮಾವನನ್ನು ಮದುವೆಯಾಗುವ ಪದ್ಧತಿಯ ಆನುವಂಶಿಕ ಪರಿಣಾಮಗಳನ್ನು ಅಧ್ಯಯನ ಮಾಡಿದರು. ನಮ್ಮ ಕಡೆಯೂ ಈ ಪದ್ಧತಿ ಉಂಟಷ್ಟೆ.

ಹೂವಿನ ಎಸಳು ಎಣಿಸುವುದು ಮಕ್ಕಳಾಟದಂತೆ ಕಾಣಬಹುದು. ಆದರೆ ಜೀವಿಗಳ ನಡುವಿನ ವ್ಯತ್ಯಾಸವೇ ಜೀವವಿಕಾಸದ ಕಚ್ಚಾ ಸಾಮಗ್ರಿ. ಎಷ್ಟು ವ್ಯತ್ಯಾಸವಿದೆ, ಅದರಲ್ಲಿ ವಂಶವಾಹಿಯ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂದು ತಿಳಿಯಲು ಎಣಿಸುವುದಲ್ಲದೆ ಬೇರೆ ದಾರಿಯಿಲ್ಲ. ಲೈಸೆಂಕೊ ಮಾಡದೆ ಬಿಟ್ಟದ್ದು ಇದನ್ನೇ. ಅವನಿಗೆ ಉತ್ತರ ಮೊದಲೇ ಗೊತ್ತಿತ್ತು, ಆದ್ದರಿಂದ ಎಣಿಸುವ ಅಗತ್ಯ ಕಾಣಲಿಲ್ಲ. ಪಾರಿಜಾತದ ಮುಂದೆ ಕುಳಿತವನಿಗೆ ಉತ್ತರ ಗೊತ್ತಿರುವುದಿಲ್ಲ. ಮುಂದಿನ ಹೂವಿಗೆ ಐದು ಎಸಳೋ ಆರೋ ಎಂದು ಯಾವ ಕೇಂದ್ರ ಸಮಿತಿಯೂ ಹೇಳಲಾರದು.

ಕಡೆಯ ವರ್ಷಗಳು

ಭಾರತದಲ್ಲೂ ಹಾಲ್ಡೇನ್ ಸುಲಭದ ಮನುಷ್ಯರಾಗಿರಲಿಲ್ಲ. ಜಗಳಗಂಟರು, ಮುಂಗೋಪಿಗಳು. 1961ರಲ್ಲಿ ತಮ್ಮ ಭೋಜನಕೂಟಕ್ಕೆ ಬರಬೇಕಾಗಿದ್ದ ಅಮೆರಿಕದ ಇಬ್ಬರು ವಿದ್ಯಾರ್ಥಿಗಳನ್ನು ಆ ದೇಶದ ಅಧಿಕಾರಿಗಳು ತಡೆದರೆಂದು ಭಾವಿಸಿ ಉಪವಾಸ ಕುಳಿತರು. ಪ್ರತಿಭಟನೆಗೆ ಅವರು ಆರಿಸಿಕೊಂಡ ಮಾರ್ಗ ಗಾಂಧೀಜಿಯ ನಾಡಿನದು. ಅದೇ ವರ್ಷ ಕಲ್ಕತ್ತೆಯ ಸಂಸ್ಥೆಯನ್ನೂ ಬಿಟ್ಟರು. 1962ರಲ್ಲಿ ಒರಿಸ್ಸಾದ ಮುಖ್ಯಮಂತ್ರಿ ಬಿಜು ಪಟ್ನಾಯಕರ ಆಹ್ವಾನದ ಮೇಲೆ ಭುವನೇಶ್ವರಕ್ಕೆ ಹೋಗಿ ಅಲ್ಲಿ ಸಂಶೋಧನಾಲಯವನ್ನು ಕಟ್ಟಿದರು.

ಕ್ಯಾನ್ಸರ್ ಕಾಣಿಸಿಕೊಂಡಾಗಲೂ ಎದೆಗುಂದಲಿಲ್ಲ. ಜನ ನಾಚಿಕೆ ಬಿಟ್ಟು ಬೇಗನೆ ವೈದ್ಯರ ಬಳಿ ಹೋಗಲೆಂದು ತಮ್ಮ ಕಾಯಿಲೆಯ ಮೇಲೆಯೇ ಹಾಸ್ಯದ ಪದ್ಯವೊಂದನ್ನು ಪ್ರಕಟಿಸಿದರು. ಚಿಕಿತ್ಸೆಗೆಂದು ಲಂಡನ್ನಿನಲ್ಲಿದ್ದಾಗ ಬಿ.ಬಿ.ಸಿ. ದೂರದರ್ಶನಕ್ಕಾಗಿ ತಮ್ಮದೇ ನಿಧನವಾರ್ತೆಯನ್ನು ತಾವೇ ಧ್ವನಿಮುದ್ರಿಸಿ ಕೊಟ್ಟರು. ದೂರದರ್ಶನದ ಚರಿತ್ರೆಯಲ್ಲಿ ಇಂಥ ಕಾರ್ಯಕ್ರಮ ಅಪರೂಪ. ಅದರಲ್ಲಿ ಲೈಸೆಂಕೊವಿನ ಮಾತೂ ಬರುತ್ತದೆ. ಅವನ ಕೆಲವು ವಿಚಾರಗಳು ಸರಿ, ಕೆಲವು ತೀರಾ ತಪ್ಪು. ಅವನಿಗೆ ಸ್ಟಾಲಿನ್ನನ ಕಾಲದಲ್ಲಿ ಅಷ್ಟೊಂದು ಅಧಿಕಾರ ದೊರೆತದ್ದು, ಅದನ್ನು ಬಳಸಿ ಅವನು ಇತರರ ಕೆಲಸವನ್ನು ತುಳಿದದ್ದು ಆ ದೇಶದ ಕೃಷಿಗೂ ಜೀವವಿಜ್ಞಾನಕ್ಕೂ ದೊಡ್ಡ ದುರದೃಷ್ಟ ಎಂಬ ಅಭಿಪ್ರಾಯವನ್ನು ಅವರು ಅಲ್ಲಿ ಕೊಡುತ್ತಾರೆ. ಆಗಲೂ ಪೂರ್ತಿ ಖಂಡನೆಯಲ್ಲ. ಆದರೆ 1948ರಲ್ಲಿ ಬಾಯಿಂದ ಬಾರದ ಮಾತು 1964ರಲ್ಲಿ ಬಂದಿತ್ತು.

ಆ ವರ್ಷದ ಅಕ್ಟೋಬರ್‌ನಲ್ಲಿ ಕ್ರುಶ್ಚೋವ್ ಅಧಿಕಾರ ಕಳೆದುಕೊಂಡರು, ಅವರ ಬೆಂಬಲದಲ್ಲಿದ್ದ ಲೈಸೆಂಕೊವಿನ ಪ್ರಭಾವವೂ ಕುಸಿಯಿತು. ಡಿಸೆಂಬರ್ 1ರಂದು ಹಾಲ್ಡೇನ್ ಭುವನೇಶ್ವರದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು. ಬದುಕಿರುವಾಗ ಪ್ರಯೋಗಕ್ಕೆ ಒಡ್ಡಿದ ದೇಹ ಸತ್ತ ಮೇಲೆ ವಿದ್ಯಾರ್ಥಿಗಳಿಗೆ ಪಾಠವಾಯಿತು.

ನಮಗೇನು?

ವಿದ್ಯಾರ್ಥಿ ಮಿತ್ರರೇ, ಈ ಚರಿತ್ರೆಯನ್ನು ಓದಿ ಸಿದ್ಧಾಂತಗಳೆಲ್ಲ ಕೆಟ್ಟವು, ಯಾವುದನ್ನೂ ನಂಬದಿರುವುದೇ ಜಾಣತನ ಎಂದುಕೊಂಡರೆ ಅದು ತಪ್ಪಾದೀತು. ಯಾವುದಕ್ಕೂ ಒಲಿಯದವನು ಯಾವುದಕ್ಕೂ ದುಡಿಯುವುದಿಲ್ಲ. ಹಾಲ್ಡೇನರನ್ನು ಗಣಿಕಾರ್ಮಿಕರ, ಹಡಗುಕಟ್ಟೆಯವರ ಪರವಾಗಿ ನಿಲ್ಲಿಸಿದ ಕಾಳಜಿ ಪಕ್ಷಕ್ಕಿಂತ ಮೊದಲೇ ಅವರಲ್ಲಿತ್ತು, ಪಕ್ಷ ಬಿಟ್ಟ ಮೇಲೂ ಉಳಿಯಿತು. ಸಿದ್ಧಾಂತವನ್ನು ಕನ್ನಡಕದಂತೆ ಬಳಸಬಹುದು: ಚೆನ್ನಾಗಿ ಕಂಡರೆ ಹಾಕಿಕೊಳ್ಳಬೇಕು, ಮಸುಕಾದರೆ ತೆಗೆದು ಒರೆಸಬೇಕು. ತೆಗೆಯಲೇಬಾರದೆಂದು ಯಾರಾದರೂ ಹೇಳಿದರೆ ಅಲ್ಲಿಗೆ ಅದು ಜಡಸೂತ್ರವಾಯಿತೆಂದು ತಿಳಿಯಬೇಕು.

ನೀವು ನಂಬಿದ ಗುಂಪಿಗೆ ಮೂರು ಪ್ರಶ್ನೆ ಹಾಕಿ ನೋಡಿ. ಇಲ್ಲಿ ತಪ್ಪನ್ನು ತಪ್ಪೆಂದು ಹೇಳಿದವನಿಗೆ ಏನಾಗುತ್ತದೆ? ವಿಷಯವನ್ನು ತೀರ್ಮಾನಿಸುವುದು ಪುರಾವೆಯೋ ಪೀಠವೋ? ವಿರೋಧಿಯ ಬಾಯಿಂದ ಬಂದ ನಿಜವನ್ನು ನಿಜವೆಂದು ಒಪ್ಪಲು ಇಲ್ಲಿ ಜಾಗವಿದೆಯೇ? ಈ ಪ್ರಶ್ನೆಗಳನ್ನು ಸಹಿಸುವ ಗುಂಪಿನಲ್ಲಿ ನೀವು ಹೆದರಿಕೆಯಿಲ್ಲದೆ ಇರಬಹುದು. ಸಹಿಸದಿದ್ದರೆ ಹೊರಬರುವುದಕ್ಕೂ ಹೆದರಬೇಕಾಗಿಲ್ಲ. ಹೊರಗೆ ಶೂನ್ಯವೇನೂ ಇಲ್ಲ. ಲೆನಿನ್‌ಗ್ರಾಡ್‌ನಲ್ಲಿ ಕಾದಿಟ್ಟ ಬೀಜಗಳಂಥ ಕೆಲಸಗಳಿವೆ. ಕಲಿಸಬೇಕಾದ ಮಕ್ಕಳಿದ್ದಾರೆ, ವಾಸಿಮಾಡಬೇಕಾದ ಕಾಯಿಲೆಗಳಿವೆ, ಇನ್ನೂ ಯಾರೂ ಎಣಿಸದ ಹೂವುಗಳಿವೆ.

ಪಾರಿಜಾತ ನಮ್ಮ ಊರುಗಳಲ್ಲೂ ಇದೆ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಉದುರುತ್ತದೆ. ಮುಂದಿನ ಬಾರಿ ಆಯುವಾಗ ನೂರು ಹೂ ಎತ್ತಿಕೊಂಡು ಎಸಳುಗಳನ್ನು ಎಣಿಸಿ ಬರೆದಿಡಿ. ಎಣಿಸುವ ಮೊದಲು ನೀವು ಏನೆಂದುಕೊಂಡಿದ್ದಿರಿ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ. ಎರಡೂ ಹೊಂದದಿದ್ದರೆ ತಿದ್ದಬೇಕಾದದ್ದು ಎರಡನೆಯದನ್ನು ಮಾತ್ರ.